ಪಂಚಮಿಗೆ ಚಾಲೂ ಆಗದ ಕಾರು

ಮಾಲಾಳ ಅಪ್ಪನವರಿಗೆ,

ನಾನು ನಿಮ್ಮ ಹೆಂಡತಿ ಕಸ್ತೂರೆವ್ವ, ತಾಂಬಾದ ಈ ಮನೆಯ ಹಿರಿಯಳು. ನೀವು ತೀರಿಕೊಂಡ ಮೇಲೂ ಇಲ್ಲಿ ನನ್ನ ಮಾತು ಮೀರುವವರಿಲ್ಲ.

ನಿಮ್ಮ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಈಚೆಗೆ ಒಮ್ಮೆ ಚಾಲೂ ಆಗುತ್ತಿತ್ತು, ಒಮ್ಮೆ ಆಗುತ್ತಿರಲಿಲ್ಲ. ಸಿಂದಗಿಯಿಂದ ಮೆಕ್ಯಾನಿಕ್ ಮಡಿವಾಳಪ್ಪನನ್ನು ಕರೆಸಿದೆ. ಬ್ಯಾಟರಿ, ಸ್ಟಾರ್ಟರ್ ಎಲ್ಲ ಸರಿಯಿದ್ದವು. ಕೊನೆಗೆ ಡ್ರೈವರ್ ಸೀಟಿನ ಕೆಳಗೆ ಕೈಯಾಡಿಸಿದ.

"ಅವ್ವಾರ, ಇಲ್ಲೊಂದು ಕಳ್ಳ ಸ್ವಿಚ್ ಐತ್ರಿ. ಇದನ್ನ ಒತ್ತಿದ್ರ ಗಾಡಿ ಚಾಲೂನ ಆಗಂಗಿಲ್ಲ. ಈಗ ಸಡ್ಲಾಗಿ ತಾನ ಬಂದ್ ಆಗಾಕತ್ತೈತಿ. ಯಜಮಾನ್ರು ಕಳ್ಳರ ಸಲುವಾಗಿ ಹಾಕಿಸಿರಬೇಕ್ರಿ."

"ಕಳ್ಳರ ಸಲುವಾಗಿ ಅಲ್ಲಪ್ಪಾ, ನನ್ನ ಸಲುವಾಗಿ," ಎಂದೆ.

ಇಂಡಿ, ಸಿಂದಗಿಗೆಲ್ಲ ಓಡುತ್ತಿದ್ದ ಕಾರು, ಪಂಚಮಿಗೆ ನಾನು ತವರಿಗೆ ಹೊರಟಾಗ ಮಾತ್ರ ಕೆಡುತ್ತಿತ್ತು. ನನ್ನಣ್ಣನ ಮೇಲೆ ನಿಮಗೆ ಸಿಟ್ಟಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ಜಗಳವಾಡಿಯಾದರೂ ಹೋಗುತ್ತಿದ್ದೆ. ನಮ್ಮವ್ವ ಸಾಯುವ ದಿನ ನಾನು ಹೊರಟಾಗಲೂ ನೀವು ಕೀಲಿ ತಿರುವಿ ತಿರುವಿ ಬೆವರು ಒರೆಸಿಕೊಂಡಿರಿ. ನಾನು ನಿಮಗೆ ಕುಡಿಯಲು ನೀರು ತಂದುಕೊಟ್ಟೆ.

ನಿನ್ನೆ ಆ ಸ್ವಿಚ್ ಕೀಳಿಸಿ, ಮಡಿವಾಳಪ್ಪನಿಂದಲೇ ಕಾರು ಓಡಿಸಿಕೊಂಡು ತವರೂರು ನಾಲತವಾಡಕ್ಕೆ ಹೋದೆ. ಕೀಲಿಯನ್ನು ಅಣ್ಣನ ಕೈಗಿಟ್ಟು, ಕಾರು ಇನ್ನು ನಿನ್ನದೇ ಎಂದು ಹೇಳಿ, ಬಸ್ಸಿನಲ್ಲಿ ಮರಳಿ ಬಂದೆ.