ಗಾಜಿನ ಬಿಲ್ಲೆಯ ಕೆಂಪು

ಶಿಕಾರಿಪುರ
12-11-1998

ಚಿ. ಸೌ. ನೀಲಾಂಬಿಕೆಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಕುಪ್ಪಗಡ್ಡೆಯಲ್ಲಿ ಹೇಗಿದ್ದೀಯೆ? ಆಸಿಡ್ ತಾಗಿದ್ದ ಬೆರಳು ಮಾಯಿತೇ? ನಿನ್ನ ತಾಯಿಯ ಮಂಡಿನೋವು ಕಡಿಮೆಯಾಗಿರಬೇಕು. ಇಲ್ಲಿ ನಮಗೇನೂ ಕೊರತೆಯಿಲ್ಲ. ಗುರುಪ್ರಕಾಶ ಮಾತ್ರ ನಿನ್ನ ಖಾಲಿ ಮಣೆಯತ್ತ ನೋಡಿ ಅರ್ಧ ಊಟಕ್ಕೇ ಏಳುತ್ತಾನೆ. ಹೆತ್ತವಳಿಗೆ ಅದು ಕಾಣುವುದಿಲ್ಲವೆಂದುಕೊಂಡಿದ್ದಾನೆ.

ನಮ್ಮ ಬಣ್ಣದ ಕಾರ್ಖಾನೆಯಲ್ಲಿ ಹಳೆಯ ಹಂಡೆಯೇ ನಡೆಯುತ್ತಿದೆ. ಎಷ್ಟು ಮಂಜುಗಡ್ಡೆ ಸುರಿದರೂ ನಡುವೆ ಬಿಸಿಯೇರಿ, ಒಂದು ಹಂಡೆಯ ಕೆಂಪು ಇನ್ನೊಂದಕ್ಕೆ ಹೊಂದುವುದಿಲ್ಲ. ಮೊನ್ನೆಯದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನೂಲಿನವರು ವಾಪಸ್ ಕಳಿಸಿದರು. ಆಗ ನಿನ್ನ ಮಾತು ನೆನಪಾಯಿತು: "ಅತ್ತೇರೆ, ಹಂಡೆಗಟ್ಟಲೆ ಒಟ್ಟಿಗೆ ಬೆರೆಸೋದು ಬ್ಯಾಡ. ಕೂದಲೆಳೆಯಂಥ ದಾರೀಲಿ ಎರಡೂ ದ್ರಾವಣ ಸೇರಿ ಹರೀತಾನೇ ಇರ್ಲಿ. ಬಿಸಿ ನಿಲ್ಲೋಕೆ ಜಾಗಾನೇ ಇರಲ್ಲ." ಗಾಜಿನ ಬಿಲ್ಲೆಯಲ್ಲಿ ಕೊರೆದಿದ್ದ ಆ ದಾರಿ ಕಂಡು ಮೆಕ್ಯಾನಿಕ್ ಸಿಕಂದರ್, "ಅಮ್ಮಾವ್ರೆ, ಇದ್ರಾಗೆ ಇರುವೆ ಹೋಗ್ಬೇಕಂದ್ರೂ ಹೊಟ್ಟೆ ಒಳಗೆ ಎಳ್ಕಬೇಕು" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ಒಂದೇ ಕೆಂಪು ಬಂತು. ನೋಡಿದೆ, ಚೆನ್ನಾಗಿದೆ ಎನ್ನಲಿಲ್ಲ. ಹೈಸ್ಕೂಲು ಓದಿ ಮೂವತ್ತು ವರ್ಷ ಹಂಡೆ ನಡೆಸಿದವಳಿಗೆ ಎಂ.ಎಸ್ಸಿ. ಸೊಸೆ ಕಲಿಸಬೇಕೆ ಎಂಬ ಬಿಗುಮಾನ.

ಮರುದಿನ ಮಧ್ಯಾಹ್ನ ಬಿಲ್ಲೆಯೊಳಗೆ ಬಣ್ಣ ಗಟ್ಟಿಯಾಗಿ ದಾರಿ ಕಟ್ಟಿಕೊಂಡಿತು. ನೀನು "ನನ್ನ ಲೆಕ್ಕಾನೇ ತಪ್ಪು" ಎಂದು ಅಳತೊಡಗಿದೆ. ನಾನು ಕೆಲಸದವರ ಮುಂದೆಯೇ, "ಸೂಜಿ ಕಣ್ಣಾಗೆ ಕಾರ್ಖಾನೆ ನಡಸ್ತೀನಂತ ಹೊಂಟಿದ್ಲು" ಎಂದೆ. ಬೆಳಗಾದರೆ ನೀನು ಸೊರಬದ ಬಸ್ಸು ಹತ್ತಿದ್ದೆ.

ಬಿಲ್ಲೆ ಕೊಟ್ಟ ಪುಣೆಯ ಪ್ರಯೋಗಾಲಯದವರಿಗೆ, "ನನ್ನ ವಿಧಾನ ಸೋತಿತು, ಮುಂದಿನ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ" ಎಂದು ಬರೆದಿಟ್ಟಿದ್ದೀಯಂತೆ. ಗುರುಪ್ರಕಾಶ ಹೇಳಿದ. ಕೇಳಿದ ಮೇಲೆ ಮೂರು ಸಲ ಈ ಕಾಗದ ಬರೆದು ಹರಿದೆ.

ನಿನ್ನ ತಂದೆತಾಯಿಗೆ ನನ್ನ ಶರಣು ತಿಳಿಸು. ನಿನಗೆ ಒಳ್ಳೆಯದಾಗಲಿ.

ಇಂತಿ,
ಮಹಾದೇವಮ್ಮ

ಇನ್ನೊಂದು ಮಾತು. ಪುಣೆಯ ಆ ಕಾಗದವನ್ನು ಅಂಚೆಗೆ ಹಾಕಬೇಡ. ಬಿಲ್ಲೆ ಕಟ್ಟಿಕೊಂಡ ದಿನ ಆಯುಧಪೂಜೆ. ನೀವೆಲ್ಲ ಊಟಕ್ಕೆ ಹೋಗಿದ್ದಾಗ, ಓಡುತ್ತಿರುವ ಯಂತ್ರಕ್ಕೆ ವಿಭೂತಿ ಹಚ್ಚುವುದು ಹೇಗೆಂದು, ಬಿಲ್ಲೆಗೆ ದ್ರಾವಣ ಹರಿಸುವ ಪಂಪು ನಿಲ್ಲಿಸಿದವಳು ನಾನು. ಹಂಡೆ ಅರ್ಧ ಗಂಟೆ ನಿಂತರೆ ಏನೂ ಆಗುವುದಿಲ್ಲ, ಇದಕ್ಕೂ ಹಾಗೇ ಅಂದುಕೊಂಡೆ. ಪೂಜೆ ಮುಗಿಸಿ ಮತ್ತೆ ಗುಂಡಿ ಒತ್ತಿ ಬಂದೆ. ನೀನು ಅಳುವಾಗ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನಿನ್ನ ಲೆಕ್ಕ ತಪ್ಪಿಲ್ಲ ಮಗಳೇ. ಪುಣೆಗೆ ಈ ಕಾಗದವನ್ನೇ ಕಳಿಸು. ನನ್ನ ಹೆಸರು ಅಳಿಸಬೇಡ.