ಎಣಿಸಬಾರದ ಕಡಲನಾಯಿಗಳು

ಒಂಟೆಗಳ ಒಡತಿ ಅಜ್ಜಿಯವರ ಸನ್ನಿಧಾನಕ್ಕೆ, ಕ್ಯಾಸ್ಪಿಯನ್ ದಡದಿಂದ ಮೊಮ್ಮಗ ದಾರ್ಮೆನ್ ಬಿನ್ನವಿಸುವುದೇನೆಂದರೆ, ಕೆಮ್ಮು ವಾಸಿಯಾಗಿದೆ, ಉಣ್ಣೆ ಕಾಲ್ಚೀಲ ಮಾತ್ರ ತೂತಾಗಿದೆ.

ಕಡಲನಾಯಿಗಳು, ಅಂದರೆ ಸೀಲ್‌ಗಳು, ಗುಂಪಾಗಿ ಮಲಗುವ ಮರಳದಿಣ್ಣೆಗಳನ್ನು ನಮ್ಮ ಸಮೀಕ್ಷೆಯ ತಂಡ ರಕ್ಷಿತ ಜಾಗಗಳ ನಕ್ಷೆಗೆ ಸೇರಿಸಿದರೆ ಅಲ್ಲಿ ಯಾರೂ ಬಲೆ ಬೀಸುವಂತಿಲ್ಲ. ಅದಕ್ಕೆ ಈ ವಾರದೊಳಗೆ ಅವುಗಳ ಲೆಕ್ಕ ಕೊಡಬೇಕು. ಜಾಗ ಬಲ್ಲ ಬೆಸ್ತ ಟೊಲೆಗೆನ್ ತಾತ ಜಪ್ಪಯ್ಯ ಅಂದರೂ ಕರೆದೊಯ್ಯಲು ಒಪ್ಪಲಿಲ್ಲ.

"ಉಸಿರಾಡೋ ಜೀವಾನ ಎಣಿಸ್ತೀಯೇನೋ? ಕಣ್ಣು ಬೀಳತ್ತೆ! ನಿಮ್ಮಜ್ಜಿ ಒಂಟೇನ ಎಣಿಸ್ತಾಳಾ?"

"ಇಲ್ಲ ತಾತ, ಮುಖ ನೋಡಿ ಗುರುತು ಹಿಡೀತಾಳೆ. ನಾನೂ ಹಂಗೇ ಒಂದೊಂದಕ್ಕೂ ಹೆಸರಿಡ್ತೀನಿ."

ತಾತ ನಕ್ಕು ದೋಣಿ ಬಿಟ್ಟರು. ದೂರದಲ್ಲೇ ನಿಂತು, ದುರ್ಬೀನು ಹಿಡಿದು, ಪರಮ ಗಾಂಭೀರ್ಯದಿಂದ ನಾಮಕರಣ ಮಾಡಿದೆ. ಮೀಸೆಯವನು ದೊಡ್ಡಮಾವ. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದವಳು, ಕ್ಷಮಿಸು, ನೀನು. ಎಲ್ಲರನ್ನೂ ಸಾಲಿಗೊಬ್ಬರಂತೆ ಬರೆದುಕೊಂಡೆ. ಸಾಲುಗಳನ್ನು ಎಣಿಸಿದರೆ ಯಾರಿಗೂ ಕಣ್ಣು ತಾಗದು. ನೆಂಟರು, ನೆರೆಯವರು, ಶಾಲೆಯ ಮೇಷ್ಟ್ರುಗಳೆಲ್ಲ ಮುಗಿದರೂ, ನಮಗೆ ಬೆನ್ನು ತಿರುಗಿಸಿ ಮಲಗಿದ್ದ ಒಂದು ಮುದಿ ಕಡಲನಾಯಿ ಹೆಸರಿಲ್ಲದೆ ಉಳಿಯಿತು.

"ಅದು ಕುಲ್ಯಾಶ್," ಎಂದರು ತಾತ. ತೀರಿಹೋದ ಅವರ ಹೆಂಡತಿಯ ಹೆಸರದು. "ಮುನಿಸ್ಕೊಂಡ್ರೆ ಹಿಂಗೇ ಮಲಗೋಳು."

ಆಮೇಲೆ ನನ್ನ ನಕ್ಷೆ ಕಸಿದುಕೊಂಡು, ನಾನು ಕೇಳದೆಯೇ ಇನ್ನೂ ಮೂರು ದಿಣ್ಣೆಗಳ ಮೇಲೆ ಬೆರಳಿಟ್ಟರು. "ಇವನ್ನೂ ಬರ್ಕೋ. ಅವಳು ಒಂದೇ ಕಡೆ ಇರೋಳಲ್ಲ."

ಕಾರ್ಡು ತುಂಬಿತು. ಆ ಮೂರು ದಿಣ್ಣೆಗಳಿಗೆ ಹೊರಡೋಣವೆಂದು ತಾತ ದಡದಿಂದ ಕೂಗುತ್ತಿದ್ದಾರೆ. ಇಂದು ಗಡ್ಡ ಬೋಳಿಸಿಕೊಂಡು ಬಂದಿದ್ದಾರೆ, ಅಜ್ಜಿ.

ನಿನ್ನ ದಾರ್ಮೆನ್