ಹಿಮಸಾರಂಗ ನೆಕ್ಕಿದ ದಾರಿ

ಹೌದು ಅಕ್ಕಾ, ನೀನು ಓಸ್ಲೊದಲ್ಲಿ ಕೂತು ನೋಡಿ ನಕ್ಕ ಆ ಹಿಮಸಾರಂಗಗಳ ಫೋಟೋ ಇಲ್ಲಿಯದೇ, ನಮ್ಮ ತಾತನ ಬೆಟ್ಟದ್ದೇ. ಈ ಸಲ ಈಸ್ಟರ್‌ಗೇ ಎಂಥ ಸೆಕೆ ಅಂದರೆ ಹಿಮವೆಲ್ಲ ಗಂಜಿಯಾಗಿತ್ತು. ದೊಡ್ಡ ರೇಸುಗಳಲ್ಲಿ ಉಪ್ಪು ಎರಚಿ ಹಿಮ ಗಟ್ಟಿ ಮಾಡುತ್ತಾರೆಂದು ನಮ್ಮ ಸ್ಕೀ ಫ್ಯಾನ್ ಗ್ರೂಪಿನಲ್ಲಿ ಓದಿದ್ದೆನಲ್ಲ, ಯಾರನ್ನೂ ಕೇಳದೆ ಮಕ್ಕಳ ಸ್ಕೀ ರೇಸಿನ ದಾರಿಗೆ ಮೂಟೆಗಟ್ಟಲೆ ಸುರಿದೆ. ಬೆಳಿಗ್ಗೆ ಎದ್ದು ನೋಡಿದರೆ ಹಿಮಸಾರಂಗಗಳ ಹಿಂಡು ಉದ್ದಕ್ಕೂ ಸಾಲಾಗಿ ನಿಂತು ಆರಾಮಾಗಿ ನೆಕ್ಕುತ್ತಿತ್ತು! ಅವು ತುಳಿದ ಮೇಲೆ ಉಳಿದಿದ್ದು ಬರೀ ಕೆಸರು. ರೇಸು ರದ್ದಾಯಿತು.

"ಗೆದ್ದಿದ್ದು ಅವೇ ಕಣೇ, ಬಹುಮಾನದ ಕಿತ್ತಳೆ ಅವಕ್ಕೇ ಹಂಚು," ಎಂದರು ತಾತ. ಎಲ್ಲರೂ ನಕ್ಕರು. ಮಾವನ ಮಗಳು ಪುಟ್ಟ ಸಿನ್ನೋವೆ ಮಾತ್ರ ಎದೆಯ ಮೇಲಿನ ನಂಬರು ಬಿಚ್ಚದೆ ಅತ್ತಳು. ಅದು ಅವಳ ಮೊದಲ ರೇಸು. ಕ್ಷಮೆ ಕೇಳೋಣವೆಂದು ಬಾಗಿಲು ತಟ್ಟಿದರೆ, "ಹೋಗೇ ಉಪ್ಪಕ್ಕಾ, ನಿನ್ನ ಸಾರಂಗಕ್ಕೆ ಸ್ಕೀ ಕಟ್ಟು ಹೋಗು!" ಎಂದು ಒಳಗಿನಿಂದಲೇ ಕೂಗಿದಳು. ನಾಚಿಕೆಯಿಂದ ಸತ್ತೇ ಹೋದೆ.

ಬಿಸಿಲಿಗೆ ಮೂಗಿನ ಚರ್ಮ ಸುಲಿದಿದೆ, ಮಿಕ್ಕಂತೆ ಆರೋಗ್ಯ. ಅಂಚೆಯವನು ಹೊರಗೆ ಕಾಯುತ್ತಿದ್ದಾನೆ. ನಗುವುದು ಸುಲಭ, ಈಗ ನಿನ್ನ ತಂಗಿ ತೂರಿಡ್‌ಗೆ ಉತ್ತರ ಕೊಡು: ನೀನಾಗಿದ್ದರೆ ಆ ಬಾಗಿಲನ್ನು ಇನ್ನೊಂದು ಸಲ ತಟ್ಟುತ್ತಿದ್ದೆಯಾ?